ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ಯಾವ ದಾರಿ ಯಾರಿಗೆ ಸರಿ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಟಿಕೆಟ್ ಹುಡುಕಲು ಕೂತವರ ತಲೆ ಮೊದಲು ಕೆಡುವುದು ದಾರಿಗಳ ಸಂಖ್ಯೆ ನೋಡಿ. ಒಂದು ದುಬೈ ಮೇಲೆ, ಇನ್ನೊಂದು ಫ್ರಾಂಕ್‌ಫರ್ಟ್ ಮೇಲೆ, ಮತ್ತೊಂದು ತಿರುಗಾ ಪೂರ್ವಕ್ಕೆ ಹೊರಟು ಟೋಕಿಯೊ ಮೇಲೆ. ಒಂದೇ ಊರಿಗೆ ಹೋಗಲು ಪಶ್ಚಿಮಕ್ಕೂ ಹಾರಬಹುದು, ಪೂರ್ವಕ್ಕೂ ಹಾರಬಹುದು, ಮೊದಲು ಉತ್ತರಕ್ಕೆ ದೆಹಲಿಗೂ ಹೋಗಬಹುದು. ಪರದೆಯ ಮೇಲೆ ಒಂದಕ್ಕೆ 21 ಗಂಟೆ, ಇನ್ನೊಂದಕ್ಕೆ 34 ಗಂಟೆ. ದರದಲ್ಲೂ ಅಷ್ಟೇ ಏರುಪೇರು.

ಇಷ್ಟು ದಾರಿ ಇರುವುದಕ್ಕೆ ಕಾರಣ ಭೂಗೋಳದಲ್ಲೇ ಇದೆ. ಬೆಂಗಳೂರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 122.4 ಡಿಗ್ರಿ ಪಶ್ಚಿಮದಲ್ಲಿ. ನಡುವಿನ ಅಂತರ 160 ಡಿಗ್ರಿ. ಅಂದರೆ ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು. ಗೋಡೆಯ ಮೇಲಿನ ನಕ್ಷೆ ಬಿಟ್ಟು, ಉರುಟಾದ ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿದು ನೋಡಿ. ದಾರ ಅರಬ್ಬಿ ಸಮುದ್ರದ ಕಡೆಗೂ ಹೋಗುವುದಿಲ್ಲ, ಪೆಸಿಫಿಕ್ ನಡುವಿಗೂ ಹೋಗುವುದಿಲ್ಲ. ಈಶಾನ್ಯಕ್ಕೆ ಏರಿ, ಚೀನಾ, ಸೈಬೀರಿಯಾ ದಾಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಅದರ ಉದ್ದ ಸುಮಾರು 13,990 ಕಿ.ಮೀ. ಇಷ್ಟು ದೂರದ ಊರಿಗೆ ಯಾವ ದಿಕ್ಕಿನಿಂದ ಸುತ್ತಿದರೂ ದೂರ ಅಂಥ ವ್ಯತ್ಯಾಸವಾಗುವುದಿಲ್ಲ.

ದೂರದ ಲೆಕ್ಕ ಹೀಗಿದೆ. ಎರಡು ನಿಲ್ದಾಣಗಳ ನಡುವೆ ಭೂಗೋಳದ ಮೇಲಿನ ಅತಿ ಹತ್ತಿರದ ಗೆರೆಯನ್ನು ಹಿಡಿದು, ಹತ್ತರ ಅಂಕಿಗೆ ಸರಿಹೊಂದಿಸಿದ ಅಳತೆ ಇದು:

ನಡುವೆ ಎಲ್ಲೂ ಇಳಿಯದೆ: 13,990 ಕಿ.ಮೀ.
ದೆಹಲಿ ಮೇಲೆ: 1,710 + 12,380 = 14,090
ಟೋಕಿಯೊ ನರಿಟಾ ಮೇಲೆ: 6,700 + 8,230 = 14,930
ಹಾಂಗ್‌ಕಾಂಗ್ ಮೇಲೆ: 3,960 + 11,130 = 15,090
ದುಬೈ ಮೇಲೆ: 2,700 + 13,020 = 15,720
ದೋಹಾ ಮೇಲೆ: 3,040 + 12,990 = 16,030
ಫ್ರಾಂಕ್‌ಫರ್ಟ್ ಮೇಲೆ: 7,400 + 9,150 = 16,550
ಲಂಡನ್ ಹೀತ್ರೊ ಮೇಲೆ: 8,050 + 8,620 = 16,670
ಸಿಂಗಪುರ ಮೇಲೆ: 3,180 + 13,580 = 16,760

ಅತಿ ಹತ್ತಿರದ ದಾರಿಗೂ ಅತಿ ದೂರದ ದಾರಿಗೂ 2,770 ಕಿ.ಮೀ. ಅಂತರ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ಅದು ಮೂರು ಗಂಟೆಯ ಮಾತು. ಆದರೆ ನಡುವೆ ಕಾಯುವ ಸಮಯ ಎರಡು ಗಂಟೆಯೂ ಇರಬಹುದು, ಹದಿನಾಲ್ಕು ಗಂಟೆಯೂ ಇರಬಹುದು. ಆದ್ದರಿಂದ ಈ ಪ್ರಯಾಣದಲ್ಲಿ ದಾರಿ ಆರಿಸುವುದೆಂದರೆ ದೂರ ಆರಿಸುವುದಲ್ಲ. ಆ ದೂರವನ್ನು ಎಲ್ಲಿ ಮುರಿಯಬೇಕು, ಮುರಿದ ಜಾಗದಲ್ಲಿ ಎಷ್ಟು ಹೊತ್ತು ಕೂರಬೇಕು ಎಂದು ಆರಿಸುವುದು.

ಗಡಿಯಾರದ ಲೆಕ್ಕ

ಟಿಕೆಟ್ ಮೇಲೆ ಹೊರಡುವ ಹೊತ್ತು ಬೆಂಗಳೂರಿನದು, ತಲುಪುವ ಹೊತ್ತು ಅಲ್ಲಿನದು. ಕ್ಯಾಲಿಫೋರ್ನಿಯದಲ್ಲಿ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ನಾವು ಅವರಿಗಿಂತ 12 ಗಂಟೆ 30 ನಿಮಿಷ ಮುಂದೆ. ಉಳಿದ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಮುಂದೆ.

ಹೋಗುವಾಗ ಈ ಅಂತರವನ್ನು ಕೂಡಬೇಕು. ಜುಲೈಯಲ್ಲಿ ಸೋಮವಾರ ಬೆಳಗಿನ ಜಾವ 4ಕ್ಕೆ ಹೊರಟು ಅದೇ ಸೋಮವಾರ ಮಧ್ಯಾಹ್ನ 1.30ಕ್ಕೆ ಇಳಿಯುತ್ತೀರಿ ಎಂದರೆ ಒಂಬತ್ತೂವರೆ ಗಂಟೆಯಲ್ಲ. ಅದಕ್ಕೆ ಹನ್ನೆರಡೂವರೆ ಸೇರಿ 22 ಗಂಟೆ. ಬರುವಾಗ ಕಳೆಯಬೇಕು. ಸೋಮವಾರ ರಾತ್ರಿ 9ಕ್ಕೆ ಹತ್ತಿ ಬುಧವಾರ ಬೆಳಗಿನ ಜಾವ 3ಕ್ಕೆ ಬೆಂಗಳೂರಿನಲ್ಲಿ ಇಳಿದರೆ ಗಡಿಯಾರ 30 ಗಂಟೆ ತೋರಿಸುತ್ತದೆ, ನಿಜವಾದ ಪ್ರಯಾಣ ಹದಿನೇಳೂವರೆ. ಪೂರ್ವದ ದಾರಿಯಲ್ಲಿ ದಿನಾಂಕ ರೇಖೆ ದಾಟುವುದರಿಂದ ಟೋಕಿಯೊದಲ್ಲಿ ಸಂಜೆ ಹತ್ತಿದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನ ಬೆಳಿಗ್ಗೆ ಇಳಿಯುತ್ತಾರೆ. ಟಿಕೆಟ್ ತಪ್ಪಾಗಿ ಅಚ್ಚಾಗಿದೆ ಎಂದು ಗಾಬರಿಯಾಗಬೇಡಿ.

ಏನನ್ನು ತೂಗಬೇಕು

ದರ ಎಲ್ಲರೂ ನೋಡುತ್ತಾರೆ. ಅದರ ಜೊತೆಗೆ ಇನ್ನೂ ನಾಲ್ಕು ಸಂಗತಿ ನೋಡಿ. ಒಂದೇ ಏಟಿಗೆ ಸೀಟಿನಲ್ಲಿ ಕೂರಬೇಕಾದ ಅತಿ ಉದ್ದದ ಹಾರಾಟ ಎಷ್ಟು ಗಂಟೆ? ನಡುವಿನ ನಿಲ್ದಾಣದಲ್ಲಿ ಎಷ್ಟು ಹೊತ್ತು, ದಿನದ ಯಾವ ಹೊತ್ತಿನಲ್ಲಿ? ಆ ದೇಶದ ಟ್ರಾನ್ಸಿಟ್ ವೀಸಾ, ಅಂದರೆ ಬರೀ ವಿಮಾನ ಬದಲಿಸಲು ಪಡೆಯಬೇಕಾದ ವೀಸಾ, ನಿಮಗೆ ಬೇಕೆ? ಮುಂದಿನ ವಿಮಾನ ತಪ್ಪಿದರೆ ಅದರ ನಂತರದ್ದು ಯಾವಾಗ?

ಇವೆಲ್ಲಕ್ಕೂ ಮೊದಲು ಒಂದು ಷರತ್ತು: ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಬೇಕು. ದುಬೈವರೆಗೆ ಒಂದು ಕಂಪನಿಯ ಅಗ್ಗದ ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯದು ಎಂದು ಬಿಡಿಬಿಡಿಯಾಗಿ ಕೊಂಡರೆ ಮೇಲ್ನೋಟಕ್ಕೆ ಉಳಿತಾಯ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಟಿಕೆಟ್ ದುಡ್ಡು ಹೋದಂತೆಯೇ. ಲಗೇಜ್ ಕೊನೆಯವರೆಗೆ ಹೋಗುವುದಿಲ್ಲ. ನಡುವೆ ತೆಗೆದುಕೊಳ್ಳಲು ಆ ದೇಶದೊಳಗೆ ಕಾಲಿಡಬೇಕು, ಅದಕ್ಕೆ ವೀಸಾ ಬೇಕು. ಮಂಗಳೂರಿನಿಂದ ನೇರ ದುಬೈಗೆ ವಿಮಾನ ಇದೆಯಲ್ಲ, ಬೆಂಗಳೂರಿಗೆ ಯಾಕೆ ಹೋಗಬೇಕು ಎಂದು ಕರಾವಳಿಯವರು ಯೋಚಿಸುವುದು ಸಹಜ. ಮುಂದಿನ ವಿಮಾನವೂ ಅದೇ ಟಿಕೆಟ್‌ನಲ್ಲಿದ್ದರೆ ಮಾತ್ರ ಅದು ಒಳ್ಳೆಯ ಯೋಚನೆ.

ನೇರ ಹಾರಾಟ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಹಾದು, ಸುಮಾರು 17 ಗಂಟೆ ಹಾರಿ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳುತನದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಈ ಎರಡು ಊರುಗಳ ನಡುವಿನ ಮೊದಲ ನೇರ ಹಾರಾಟ ಅದು. ಆದರೆ ಆ ಸೇವೆ ಒಂದೇ ಸಮನೆ ನಡೆದುಕೊಂಡು ಬಂದಿಲ್ಲ. ಇಷ್ಟು ದೂರ ಹಾರಬಲ್ಲ ವಿಮಾನಗಳು ಕಡಿಮೆ, ಮತ್ತು ದಾರಿಯಲ್ಲಿ ಯಾರ ಆಕಾಶ ತೆರೆದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಒಂದು ಕಂಪನಿಯೂ ಇದೇ ದಾರಿಗೆ ನೇರ ವಿಮಾನ ಘೋಷಿಸಿತ್ತು, ಅದು ಶುರುವಾಗಲೇ ಇಲ್ಲ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಏರ್ ಇಂಡಿಯಾದ ಉತ್ತರ ಅಮೆರಿಕದ ಹಾರಾಟಗಳು ಉದ್ದವಾದವು. ಕೆಲವು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ನಲ್ಲಿ ಇಳಿದು ಹೋಗಬೇಕಾಯಿತು.

ಹೀಗೆ ಸುತ್ತುವ ಬದಲು ಟಿಬೆಟ್ ಮೇಲಿಂದ ಹೋಗಬಾರದೆ ಎಂದು ಕೇಳುವವರಿದ್ದಾರೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಗ್ಲೋಬ್ ಮೇಲಿನ ದಾರ ಹೋದಲ್ಲೆಲ್ಲ ವಿಮಾನ ಹೋಗಲಾರದು.

ನಿಮ್ಮ ತಾರೀಕಿಗೆ ನೇರ ವಿಮಾನ ಮಾರಾಟಕ್ಕೆ ಕಂಡರೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. 'ನಾನ್‌ಸ್ಟಾಪ್' ಬೇರೆ, 'ಡೈರೆಕ್ಟ್' ಬೇರೆ. ಡೈರೆಕ್ಟ್ ಎಂದರೆ ವಿಮಾನದ ನಂಬರ್ ಒಂದೇ ಎಂದಷ್ಟೇ ಅರ್ಥ. ನಡುವೆ ಎಲ್ಲೋ ಇಳಿದು ಎರಡು ಮೂರು ಗಂಟೆ ನಿಲ್ಲಬಹುದು. ಒಟ್ಟು ಅವಧಿ 18 ಗಂಟೆ ದಾಟಿದ್ದರೆ ಅನುಮಾನಿಸಿ, ವಿವರ ತೆರೆದು ನೋಡಿ.

ಮಗಳ ಬಾಣಂತನಕ್ಕೆಂದು ಮೊದಲ ಸಲ ಹೊರಟ, ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮ ಒಬ್ಬರೇ ಹೋಗುವುದಾದರೆ, ಕೈಗೆಟುಕುವ ದರದಲ್ಲಿ ನಾನ್‌ಸ್ಟಾಪ್ ಸಿಕ್ಕರೆ ಬೇರೆ ಯೋಚನೆ ಬೇಡ. ನಡುರಾತ್ರಿ ಗೊತ್ತಿಲ್ಲದ ನಿಲ್ದಾಣದಲ್ಲಿ ಗೇಟ್ ಹುಡುಕುವ ಆತಂಕಕ್ಕಿಂತ 17 ಗಂಟೆ ಕೂರುವುದು ವಾಸಿ. ನಡೆಯುವ ದಾರಿಯ ಪಕ್ಕದ ಸೀಟನ್ನೇ ಹಿಡಿಯಿರಿ, ಗಂಟೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಲು ಹೇಳಿ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಮಾತ್ರ ಟಿಕೆಟ್‌ಗೆ ಮೊದಲು ಡಾಕ್ಟರನ್ನು ಕೇಳಲೇಬೇಕು.

ದೆಹಲಿ ಮೇಲೆ

ಪಟ್ಟಿಯಲ್ಲಿ ಎಲ್ಲರ ಕಣ್ಣಿಗೂ ಬೀಳಬೇಕಾದ ಅಂಕಿ ಇದು: ದೆಹಲಿಗೆ ಹೋಗಿ ಹೋದರೆ ಹೆಚ್ಚಾಗುವುದು ಬರೀ 100 ಕಿ.ಮೀ. ಗ್ಲೋಬ್ ಮೇಲೆ ದೆಹಲಿ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುವ ಊರು. ಬೆಂಗಳೂರಿನಿಂದ ಎರಡು ಮುಕ್ಕಾಲು ಗಂಟೆ, ಅಲ್ಲಿಂದ ಆಕಾಶ ತೆರೆದಿದ್ದರೆ 16 ಗಂಟೆಯ ಆಸುಪಾಸು. ಟ್ರಾನ್ಸಿಟ್ ವೀಸಾ ಪ್ರಶ್ನೆಯೇ ಇಲ್ಲ, ಭಾಷೆಯ ಭಯ ಕಡಿಮೆ, ಇಮಿಗ್ರೇಷನ್ ನಮ್ಮದೇ ನೆಲದಲ್ಲಿ.

ಇಲ್ಲಿ ಕೆಡುವುದು ಎರಡು ಕಡೆ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ದೆಹಲಿಯ ಮಂಜು ಬೆಳಗಿನ ವಿಮಾನಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತದೆ. ಆ ತಿಂಗಳುಗಳಲ್ಲಿ ನಡುವೆ ಕನಿಷ್ಠ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಎರಡನೆಯದು, ದೇಶದೊಳಗಿನ ಅಗ್ಗದ ವಿಮಾನದಲ್ಲಿ ಬೇರೆ ಟರ್ಮಿನಲ್‌ಗೆ ಇಳಿದು ಟರ್ಮಿನಲ್ 3ಕ್ಕೆ ಲಗೇಜ್ ಎಳೆದುಕೊಂಡು ಹೋಗುವ ಪಾಡು. ಎರಡೂ ಏರ್ ಇಂಡಿಯಾ ಒಂದೇ ಟಿಕೆಟ್ ಆದರೆ ಬೆಂಗಳೂರಿನಲ್ಲೇ ಲಗೇಜ್‌ಗೆ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಗುರುತಾದ 'ಎಸ್‌ಎಫ್‌ಒ' ಎಂಬ ಚೀಟಿ ಬೀಳುತ್ತದೆ. ಚೀಟಿಯ ಮೇಲಿನ ಆ ಮೂರು ಅಕ್ಷರ ನೋಡದೆ ಕೌಂಟರ್ ಬಿಡಬೇಡಿ. ವಾಪಸ್ ಬರುವಾಗ ದೆಹಲಿಯಲ್ಲಿ ಲಗೇಜ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕೆ ಎಂದು ಸ್ಯಾನ್ ಫ್ರಾನ್ಸಿಸ್ಕೊದ ಚೆಕ್‌ಇನ್‌ನಲ್ಲೇ ಕೇಳಿಕೊಳ್ಳಿ.

ಕೊಲ್ಲಿಯ ದಾರಿ

ದುಬೈಗೆ 4 ಗಂಟೆ, ದೋಹಾಕ್ಕೆ ನಾಲ್ಕೂವರೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 16 ಗಂಟೆಯ ಹತ್ತಿರ. ಬೆಂಗಳೂರಿನಿಂದ ದಿನಕ್ಕೆ ಹಲವು ವಿಮಾನ, ದೊಡ್ಡ ನಿಲ್ದಾಣ, ವೀಲ್‌ಚೇರ್ ವ್ಯವಸ್ಥೆ ಅಚ್ಚುಕಟ್ಟು, ಒಂದೇ ಟಿಕೆಟ್‌ನಲ್ಲಿ ನಿಲ್ದಾಣದೊಳಗೇ ಇದ್ದು ವಿಮಾನ ಬದಲಿಸುವ ಭಾರತೀಯರಿಗೆ ವೀಸಾ ಬೇಡ. ನಮ್ಮವರಲ್ಲಿ ಬಹಳ ಜನ ಈ ದಾರಿ ಹಿಡಿಯುವುದು ಇದಕ್ಕೇ.

ಆದರೆ ಹಾರಾಟ ಹಂಚಿಕೆಯಾಗಿರುವ ರೀತಿ ನೋಡಿ: 4 ಮತ್ತು 16. ನಡುರಾತ್ರಿ ಕಳೆದು ಬೆಂಗಳೂರು ಬಿಟ್ಟರೆ ಮೊದಲ ನಾಲ್ಕು ಗಂಟೆಯಲ್ಲಿ ಊಟ ಕೊಟ್ಟು, ತಟ್ಟೆ ತೆಗೆದು, ದೀಪ ಆರಿಸುವ ಹೊತ್ತಿಗೆ ಇಳಿಯುವ ಸೂಚನೆ ಬರುತ್ತದೆ. ಅರ್ಧ ನಿದ್ದೆಯಲ್ಲಿ ನಿಲ್ದಾಣ ಸುತ್ತಿ, ಆಮೇಲೆ 16 ಗಂಟೆಗೆ ಕೂರಬೇಕು. ಅಂದರೆ ನಾನ್‌ಸ್ಟಾಪ್‌ನ ಉದ್ದದ ಕಷ್ಟ ಹೆಚ್ಚೇನೂ ತಪ್ಪುವುದಿಲ್ಲ, ಬದಲಿಸುವ ಕಷ್ಟವೂ ಸೇರುತ್ತದೆ. ಮೊಣಕಾಲು ನೋವಿನವರಿಗೆ, ಒಂದು ವರ್ಷದೊಳಗಿನ ಮಗು ಇರುವವರಿಗೆ ಇದು ಮೊದಲ ಆಯ್ಕೆಯಾಗಬಾರದು. ಬೆಳಗಿನ ಹೊತ್ತು ಬೆಂಗಳೂರು ಬಿಡುವ ವಿಮಾನ ಹೊಂದಿದರೆ ಈ ದೋಷ ಅರ್ಧ ಕಡಿಮೆಯಾಗುತ್ತದೆ.

ನಡುವೆ ಎರಡೂವರೆಯಿಂದ ನಾಲ್ಕು ಗಂಟೆ ಸರಿಯಾದ ಅಳತೆ. ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ ಗೇಟ್ ಬಳಿ ಇನ್ನೊಂದು ಸುತ್ತು ತಪಾಸಣೆ ಇರುವುದುಂಟು, ಗೇಟ್ ಬೇಗ ಮುಚ್ಚುತ್ತದೆ. ಒಂದೂವರೆ ಗಂಟೆಯ ಕನೆಕ್ಷನ್ ಮಾರುತ್ತಾರೆ, ಕಂಪನಿಯ ಲೆಕ್ಕದಲ್ಲಿ ಅದು ಸರಿಯೇ. ಆದರೆ ಬೆಂಗಳೂರಿನಲ್ಲಿ ಅರ್ಧ ಗಂಟೆ ತಡವಾದರೂ ಓಟ ಶುರು. ಬೆಂಗಳೂರಿನಿಂದ ದುಬೈಗೆ ಎಷ್ಟು ವಿಮಾನವಿದ್ದರೂ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇರುವುದು ದಿನಕ್ಕೆ ಒಂದೋ ಎರಡೋ. ತಪ್ಪಿದರೆ ಮರುದಿನದ ತನಕ ಕಾಯಬೇಕು, ಇಲ್ಲವೇ ಲಾಸ್ ಏಂಜಲಿಸ್ ಸುತ್ತಬೇಕು.

ಈ ಭಾಗದ ಆಕಾಶದ ಮಾತೂ ಇದೆ. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆ ತನ್ನ ಆಕಾಶ ಮುಚ್ಚಿದಾಗ ದೋಹಾ ಮೇಲೆ ಹೋಗಬೇಕಿದ್ದವರು ಎಲ್ಲೆಲ್ಲೋ ಸಿಕ್ಕಿಕೊಂಡರು. ಅಲ್ಲಿ ಉದ್ವಿಗ್ನತೆ ಇರುವ ದಿನಗಳಲ್ಲಿ, ತಾರೀಕಿಗೆ ತಲುಪಲೇಬೇಕಾದವರು ಬೇರೆ ದಿಕ್ಕು ನೋಡುವುದು ಜಾಣತನ.

ಇನ್ನು ಗಸಗಸೆ. ಪಾಯಸಕ್ಕೆಂದು ಡಬ್ಬಿಯಲ್ಲಿ ತುಂಬುವ ಗಸಗಸೆ ಯುಎಇ, ಕತಾರ್‌ನಲ್ಲಿ ಮಾದಕ ವಸ್ತುಗಳ ಕಾನೂನಿನಡಿ ಬರುತ್ತದೆ, ಸಿಂಗಪುರದಲ್ಲೂ ನಿಷಿದ್ಧ. 'ನಾನು ಅಲ್ಲಿ ಇಳಿಯುವುದೇ ಇಲ್ಲವಲ್ಲ' ಎಂಬ ಧೈರ್ಯ ಬೇಡ. ವಿಮಾನ ರದ್ದಾಗಿ ಹೋಟೆಲ್‌ಗೆ ಕಳಿಸಿದರೆ ಲಗೇಜ್ ಸಮೇತ ಆ ದೇಶದೊಳಗೆ ಹೋಗಬೇಕಾಗಬಹುದು. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗೂ ಅಲ್ಲಿ ಕಟ್ಟುನಿಟ್ಟು. ಅಂಥ ಔಷಧಿ ತೆಗೆದುಕೊಳ್ಳಲೇಬೇಕಾದವರು ಆ ದೇಶದ ನಿಯಮ ಮೊದಲೇ ನೋಡಿ, ಡಾಕ್ಟರ ಚೀಟಿಯನ್ನು ಮಾತ್ರೆಯ ಜೊತೆಗೇ ಇಟ್ಟುಕೊಳ್ಳಲಿ.

ಯುರೋಪಿನ ದಾರಿ

ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್. ದೂರದ ಲೆಕ್ಕದಲ್ಲಿ ಇವು ಪಟ್ಟಿಯ ಕೆಳಗಿವೆ, ಹಾರಾಟವೇ 21ರಿಂದ 22 ಗಂಟೆ. ಆದರೂ ದೇಹಕ್ಕೆ ಈ ದಾರಿ ಸಲೀಸು. ಬೆಂಗಳೂರಿನಿಂದ 10 ಗಂಟೆ ಚಿಲ್ಲರೆ, ಅಲ್ಲಿಂದ 11 ಗಂಟೆ ಚಿಲ್ಲರೆ; ಹೆಚ್ಚುಕಡಿಮೆ ಸರಿಪಾಲು. ನಡುರಾತ್ರಿಯ ನಂತರ ಹತ್ತಿದವರು ಮೊದಲ ಹಾರಾಟದಲ್ಲಿ ಆರು ಗಂಟೆ ನಿದ್ದೆ ಮಾಡಿ, ಬೆಳಿಗ್ಗೆ ಇಳಿದು ಕಾಲಾಡಿಸಿ, ಎರಡನೆಯದನ್ನು ಹಗಲಿನಲ್ಲಿ ಕಳೆಯಬಹುದು.

     

ಎಡವುವುದು ವೀಸಾದಲ್ಲಿ. ಭಾರತದ ಪಾಸ್‌ಪೋರ್ಟ್‌ನವರು ಬರೀ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಪಡೆಯಬೇಕು ಎಂಬ ನಿಯಮ ಬ್ರಿಟನ್ನಿನಲ್ಲೂ ಯುರೋಪಿನ ಕೆಲವು ದೇಶಗಳಲ್ಲೂ ಇದೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಸಾಮಾನ್ಯವಾಗಿ ವಿನಾಯಿತಿ. ಪಾಸ್‌ಪೋರ್ಟ್‌ನಲ್ಲಿ ಬಿ1/ಬಿ2 ಎಂಬ ಭೇಟಿಯ ವೀಸಾ ಅಂಟಿಸಿಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಆದ್ದರಿಂದ ತೊಂದರೆಯಿಲ್ಲ. ತೊಂದರೆ ಅಲ್ಲಿಂದ ಬರುವ ಮಗನಿಗೆ: ಕೆಲಸದ ಅನುಮತಿಯ ಕಾಗದ ಚಾಲ್ತಿಯಲ್ಲಿದೆ, ಆದರೆ ಪಾಸ್‌ಪೋರ್ಟ್‌ನಲ್ಲಿರುವ ಎಚ್‌1ಬಿ (ಕೆಲಸದ ವೀಸಾ) ಸ್ಟಾಂಪಿನ ಅವಧಿ ಮುಗಿದಿದೆ. ಆ ಕಾಗದ ಟ್ರಾನ್ಸಿಟ್‌ಗೆ ವೀಸಾ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೌಂಟರ್‌ನಲ್ಲೇ ಹತ್ತಲು ಬಿಡದಿರಬಹುದು. ಸ್ಟಾಂಪ್ ಮುಗಿದವರು ಕೊಲ್ಲಿ ಅಥವಾ ಪೂರ್ವದ ದಾರಿ ನೋಡಲಿ, ಇಲ್ಲವೇ ಆ ದೇಶದ ದೂತಾವಾಸದ ಇವತ್ತಿನ ನಿಯಮ ಓದಿ ಟಿಕೆಟ್ ಕೊಳ್ಳಲಿ.

ಪೂರ್ವದ ದಾರಿ

ಈ ದಾರಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಮ್ಮವರು ಇವನ್ನು ತೆರೆದೇ ನೋಡುವುದಿಲ್ಲ. ಅಮೆರಿಕ ಎಂದರೆ ಪಶ್ಚಿಮ ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಹತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಹೆಚ್ಚು. ಜಪಾನಿನಿಂದ ಪೆಸಿಫಿಕ್ ಮೇಲೆ ಅಮೆರಿಕಕ್ಕೆ ಹಾರುವ ವಿಮಾನವನ್ನು ಈ ಗಾಳಿ ಹಿಂದಿನಿಂದ ತಳ್ಳುತ್ತದೆ. ಇದರ ಬಲ ಎಷ್ಟು ಎಂಬುದಕ್ಕೆ 2016ರ ಅಕ್ಟೋಬರ್ ಸಾಕ್ಷಿ. ಅಲ್ಲಿಯವರೆಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಪೆಸಿಫಿಕ್ ಕಡೆಗೆ ತಿರುಗಿತು. ದೂರ ಸಾವಿರ ಕಿ.ಮೀ.ಗೂ ಮಿಕ್ಕಿ ಹೆಚ್ಚಾಗಿ 15,300 ಕಿ.ಮೀ. ಆಯಿತು, ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಮೊದಲಿಗಿಂತ ಬೇಗ. ದೂರ ನೋಡಿ ಸಮಯ ಹೇಳಬಾರದು ಎನ್ನುವುದು ಇದಕ್ಕೇ.

ಟೋಕಿಯೊ ದಾರಿಯಲ್ಲಿ ಬೆಂಗಳೂರಿನಿಂದ ಎಂಟು–ಎಂಟೂವರೆ ಗಂಟೆ, ಅಲ್ಲಿಂದ ಒಂಬತ್ತೂವರೆ ಗಂಟೆಯ ಆಸುಪಾಸು. ಒಟ್ಟು ಹಾರಾಟ ಸುಮಾರು 18 ಗಂಟೆ, ಒಂದೇ ಏಟಿಗೆ ಹತ್ತು ಗಂಟೆಯ ಮೇಲೆ ಕೂರುವ ಪ್ರಸಂಗವೇ ಇಲ್ಲ. ಹೋಗುವಾಗ ಇದಕ್ಕಿಂತ ಚೆನ್ನಾಗಿ ದೂರವನ್ನು ಪಾಲು ಮಾಡುವ ದಾರಿ ಇನ್ನೊಂದಿಲ್ಲ. ಮೊಣಕಾಲಿನ ತೊಂದರೆ ಇದ್ದೂ ಜೊತೆಗೆ ಯಾರಾದರೂ ಇರುವ ಹಿರಿಯರಿಗೆ ಇದನ್ನೇ ಮೊದಲು ನೋಡಿ. ಬರುವಾಗ ಅದೇ ಗಾಳಿ ಎದುರು. 11 ಮತ್ತು 10 ಗಂಟೆ ಹಿಡಿಯುತ್ತದೆ. ಕೊರತೆಯೂ ಇದೆ. ಬೆಂಗಳೂರು–ಟೋಕಿಯೊ ವಿಮಾನಗಳು ಕಡಿಮೆ, ಸೀಟು ಬೇಗ ತುಂಬುತ್ತದೆ. ಬೆಂಗಳೂರಿನ ವಿಮಾನ ಇಳಿಯುವುದು ನರಿಟಾದಲ್ಲಿ. ಮುಂದಿನದು ಹನೇಡಾದಿಂದ ಎಂದಿದ್ದರೆ ಆ ಟಿಕೆಟ್ ಬಿಡಿ. ಅವೆರಡು ಬೇರೆ ಬೇರೆ ನಿಲ್ದಾಣ, ನಡುವೆ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲಿನ ದಾರಿ, ಹೊರಬರಲು ಜಪಾನ್ ವೀಸಾ ಬೇಕು. ಲಂಡನ್ನಿನಲ್ಲಿ ಹೀತ್ರೊ–ಗ್ಯಾಟ್‌ವಿಕ್ ನಡುವೆಯೂ ಇದೇ ಕಥೆ.

ಹಾಂಗ್‌ಕಾಂಗ್ ಆರು ಗಂಟೆಯ ಒಳಗೆ, ಅಲ್ಲಿಂದ ಹನ್ನೆರಡೂವರೆ–ಹದಿಮೂರು. ನಡುವಣ ದಾರಿ ಎನ್ನಬಹುದು. ಸಿಂಗಪುರ ನಾಲ್ಕೂವರೆ ಮತ್ತು ಹದಿನೈದು. ದುಬೈನ ಹಾಗೆಯೇ ಒಂದು ಚಿಕ್ಕದು, ಒಂದು ಭಾರಿ ಉದ್ದ, ಅದರ ಮೇಲೆ ಬರುವಾಗ 17 ಗಂಟೆಯತ್ತ ಹೋಗುತ್ತದೆ. ನಿಲ್ದಾಣ ಬಹಳ ಚೆನ್ನ, ಸೇವೆ ಚೆನ್ನ. ದೂರದ ಲೆಕ್ಕದಲ್ಲಿ ಮಾತ್ರ ಕೊನೆಯದು.

ಹೋಗುವಾಗ ಪೂರ್ವದಿಂದ, ಬರುವಾಗ ಯುರೋಪಿನಿಂದ ಎಂದು ಎರಡು ಸಲವೂ ಗಾಳಿಯ ಜೊತೆ ಹಾರುವುದು ಕಾಗದದ ಮೇಲೆ ಅತ್ಯುತ್ತಮ. ಒಂದೇ ಮೈತ್ರಿಕೂಟದ ಕಂಪನಿಗಳಲ್ಲಿ ಹೀಗೆ ಬೆಸೆದ ಟಿಕೆಟ್ ಕೆಲವೊಮ್ಮೆ ಸಾಧಾರಣ ದರಕ್ಕೇ ಸಿಗುತ್ತದೆ. 'ಮಲ್ಟಿ ಸಿಟಿ' ಎಂಬಲ್ಲಿ ಒಮ್ಮೆ ಹುಡುಕಿ ನೋಡಿ.

ಎರಡು ಕಡೆ ಇಳಿಯುವ ಅಗ್ಗದ ಟಿಕೆಟ್

ಪ್ಯಾರಿಸ್‌ನಲ್ಲೊಮ್ಮೆ, ನ್ಯೂಯಾರ್ಕ್‌ನಲ್ಲೊಮ್ಮೆ ಇಳಿಸುವ ಟಿಕೆಟ್ ಹತ್ತಿಪ್ಪತ್ತು ಸಾವಿರ ಕಡಿಮೆಗೆ ಕಾಣಬಹುದು. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಸಾಲು, ಸಾಮಾನ್ಯವಾಗಿ ಲಗೇಜ್ ಬೆಲ್ಟ್‌ನಿಂದ ತೆಗೆದು ಕಸ್ಟಮ್ಸ್ ದಾಟಿ ಮತ್ತೆ ಕೊಡುವುದು, ಮತ್ತೆ ಸೆಕ್ಯೂರಿಟಿ. ಇದಕ್ಕೆ ಮೂರು ಗಂಟೆ ಇಲ್ಲದ ಟಿಕೆಟ್ ಕೊಳ್ಳಬೇಡಿ. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಷನ್ ಹತ್ತುವ ಮೊದಲೇ ಮುಗಿಯುತ್ತದೆ, ಆದ್ದರಿಂದ ಅಲ್ಲಿಂದ ಹೋಗಿ ಅಮೆರಿಕದೊಳಗೆ ವಿಮಾನ ಬದಲಿಸುವವರಿಗೆ ಈ ಸಾಲು ತಪ್ಪುತ್ತದೆ. ಮಕ್ಕಳು ಸನ್ನಿವೇಲ್, ಫ್ರೀಮಾಂಟ್ ಕಡೆ ಇದ್ದಾರೆ ಎಂದು ಸ್ಯಾನ್ ಹೋಸೆ ನಿಲ್ದಾಣಕ್ಕೇ ಟಿಕೆಟ್ ಬೇಕೆಂದು ಇನ್ನೊಂದು ವಿಮಾನ ಸೇರಿಸಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಿಂದ ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆ.

ದರ ಹೋಲಿಸುವ ಬಗೆ

ಪರದೆಯ ಮೇಲಿನ ದರಕ್ಕೆ ಲಗೇಜ್, ಸೀಟು, ಕಾಯುವಾಗಿನ ಊಟ, ಬೇಕಾದರೆ ಹೋಟೆಲ್ ಕೂಡಿ. ಅಮೆರಿಕಕ್ಕೆ 23 ಕಿಲೋದ ಎರಡು ಪೆಟ್ಟಿಗೆ ರೂಢಿ. ಅತಿ ಅಗ್ಗದ 'ಲೈಟ್', 'ಬೇಸಿಕ್' ದರಗಳಲ್ಲಿ ಒಂದೇ ಇರಬಹುದು, ಒಂದೂ ಇಲ್ಲದಿರಬಹುದು. ಆಮೇಲೆ ಎರಡು ಆಯ್ಕೆಗಳ ದರದ ವ್ಯತ್ಯಾಸವನ್ನು ಉಳಿಯುವ ಗಂಟೆಗಳಿಂದ ಭಾಗಿಸಿ. ಒಂದು 22 ಗಂಟೆಯದು, ಇನ್ನೊಂದು 34 ಗಂಟೆಯದು, ವ್ಯತ್ಯಾಸ 12,000 ರೂಪಾಯಿ ಎನ್ನಿ, ಗಂಟೆಗೆ ಸಾವಿರ. ಎರಡು ಸೂಟ್‌ಕೇಸ್ ಹಿಡಿದು ಓದಲು ಹೊರಟ ಇಪ್ಪತ್ತೆರಡರ ಹುಡುಗನಿಗೆ ಆ ಸಾವಿರ ಉಳಿಸುವುದು ಸರಿ. ಎಪ್ಪತ್ತರ ಅಪ್ಪನಿಗೆ ಸರಿಯಲ್ಲ. ಜೂನ್–ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ ದರ ಏರುತ್ತದೆ. ತಾರೀಕು ಸಡಿಲ ಇದ್ದವರು ಜನವರಿ ಕೊನೆಯಿಂದ ಮಾರ್ಚ್, ಅಥವಾ ಸೆಪ್ಟೆಂಬರ್ ನೋಡಬಹುದು.

ಪೆಟ್ಟಿಗೆ ಕಟ್ಟುವಾಗ: ಯಾವ ದಾರಿಯಾದರೂ ಹಸಿ ಕರಿಬೇವಿನ ಸೊಪ್ಪು ಅಮೆರಿಕದೊಳಗೆ ಬಿಡುವುದಿಲ್ಲ. ಒಣಕೊಬ್ಬರಿ ಗಿಟುಕಿನಲ್ಲಿ ಎಣ್ಣೆ ಇರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಚೆಕ್‌ಇನ್ ಲಗೇಜ್‌ನಿಂದ ತೆಗೆಸುತ್ತಾರೆ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಸಸ್ಯಾಹಾರಿಗಳು ಟಿಕೆಟ್ ಆದ ಕೂಡಲೇ ಊಟದ ಆಯ್ಕೆಯಲ್ಲಿ 'ಏಷ್ಯನ್ ವೆಜಿಟೇರಿಯನ್', ಅಂದರೆ ಎವಿಎಂಎಲ್ ಹಾಕಿ. 'ಹಿಂದೂ ಮೀಲ್' ಎಂಬ ಹೆಸರು ನೋಡಿ ಮೋಸಹೋಗಬೇಡಿ. ಅದರಲ್ಲಿ ದನದ ಮಾಂಸ ಇರುವುದಿಲ್ಲ, ಕೋಳಿ, ಕುರಿ, ಮೀನು ಇರಬಹುದು. ಎರಡು ಹಾರಾಟಕ್ಕೂ ಬೇರೆ ಬೇರೆಯಾಗಿ ಹಾಕಬೇಕು. ವೀಲ್‌ಚೇರ್ 48 ಗಂಟೆ ಮೊದಲೇ ಕೇಳಿ, ಅದಕ್ಕೆ ದುಡ್ಡಿಲ್ಲ.

ಟಿಕೆಟ್ ಕೊಂಡಮೇಲೆ ಎರಡು ವಾರಕ್ಕೊಮ್ಮೆ ಕಂಪನಿಯ ಜಾಲತಾಣದಲ್ಲಿ ಪಿಎನ್‌ಆರ್ ಹಾಕಿ ನೋಡುತ್ತಿರಿ. ಮಾರ್ಚ್, ಅಕ್ಟೋಬರ್ ಕೊನೆಯಲ್ಲಿ ವೇಳಾಪಟ್ಟಿ ಬದಲಾಗುವಾಗ ಮೂರು ಗಂಟೆಯ ಕನೆಕ್ಷನ್ ಒಂದು ಗಂಟೆಗೆ ಇಳಿಯುವುದುಂಟು, ಹದಿನೈದಕ್ಕೆ ಏರುವುದೂ ಉಂಟು. ಕಂಪನಿ ಇ-ಮೇಲ್‌ನಲ್ಲಿ ಹೊಸ ಸಮಯ ಕಳಿಸಿ ಒಪ್ಪಿಗೆ ಕೇಳುತ್ತದೆ. ಆ ಗುಂಡಿ ಒತ್ತುವ ಮೊದಲು ಫೋನ್ ಮಾಡಿ, ನಿಮಗೆ ಹೊಂದುವ ಬೇರೆ ವಿಮಾನದ ನಂಬರ್ ಹೇಳಿ ಅದಕ್ಕೆ ಬದಲಿಸಿಕೊಡಲು ಕೇಳಿ. ಬದಲಾವಣೆ ಅವರಿಂದಲೇ ಆದದ್ದರಿಂದ ಸಾಮಾನ್ಯವಾಗಿ ಶುಲ್ಕವಿಲ್ಲದೆ ಮಾಡಿಕೊಡುತ್ತಾರೆ. ಒಮ್ಮೆ ಒಪ್ಪಿಗೆ ಒತ್ತಿದ ಮೇಲೆ ಅದೇ ಬದಲಾವಣೆಗೆ ನೀವು ದುಡ್ಡು ಕೊಡಬೇಕಾಗಬಹುದು.